ಕೆನ್ನಿವುಡ್ ಉದ್ಯಾನದಲ್ಲಿ ಒಂದು ದಿನ

ವಯಸ್ಸು ಅರವತ್ತು ದಾಟಿದ ಮೇಲೆ ಮನುಷ್ಯನು ಬೆಟ್ಟವನ್ನೇರುವುದಾದರೆ ದೇವರ ದರ್ಶನಕ್ಕಾಗಿ ಏರಬೇಕೇ ಹೊರತು, ಮೇಲಿನಿಂದ ಕೆಳಕ್ಕೆ ಬೀಳುವ ಸುಖಕ್ಕಾಗಿ ಏರಬಾರದೆಂಬುದು ನಮ್ಮ ಮನೆಯವರ ಅಭಿಪ್ರಾಯ. ಅಭಿಪ್ರಾಯವು ಸಾಧುವಾದುದೇ. ಆದರೆ 2019ನೆಯ ಇಸವಿಯ ಶ್ರಾವಣಮಾಸದಲ್ಲಿ ನಾವು ಈ ಎರಡನ್ನೂ ಒಂದೇ ವಾರದಲ್ಲಿ ಮಾಡಿದೆವು. ಭಾನುವಾರ ದೇವರ ಬೆಟ್ಟ. ಬುಧವಾರ ಮತ್ತೊಂದು ಬೆಟ್ಟ. ಎರಡನೆಯದರ ವೃತ್ತಾಂತವನ್ನು ಬರೆಯಬೇಕೆಂದು ಆಗಲೇ ಸಂಕಲ್ಪಿಸಿದ್ದೆವು. ಏಕೋ ಇಷ್ಟು ದಿನ ಕೈಗೂಡಲಿಲ್ಲ.

ಅಮೆರಿಕಾದ ಪೆನ್ಸಿಲ್ವೇನಿಯಾ ಸಂಸ್ಥಾನದ ಪಿಟ್ಸ್‌ಬರ್ಗ್ ನಗರದಲ್ಲಿ ನಮ್ಮ ಮಗಳೂ ಅಳಿಯಂದಿರೂ ವಾಸವಾಗಿದ್ದಾರೆ. ನಗರದ ಹೊರಗೆ ಪೆನ್ ಹಿಲ್ಸ್ ಎಂಬಲ್ಲಿ ಗುಡ್ಡದ ಮೇಲೆ 1976ರಲ್ಲಿ ಪ್ರತಿಷ್ಠೆಯಾದ ವೆಂಕಟೇಶ್ವರಸ್ವಾಮಿಯ ದೇವಾಲಯವುಂಟು. ಆ ದೇಶಕ್ಕೆ ಮಕ್ಕಳ ಮನೆಗೆಂದು ಹೋದ ನಮ್ಮಂತಹ ವೃದ್ಧರಿಗೆ ದೇವರಷ್ಟೇ ಮುಖ್ಯವಾದ ಮತ್ತೊಂದು ಲಾಭವು ಅಲ್ಲಿ ದೊರೆಯುತ್ತದೆ. ಅದು ಕನ್ನಡ ಮಾತು. ಶಿವಮೊಗ್ಗೆಯಲ್ಲಿ ನಮಗೆ ಮೂವತ್ತು ವರ್ಷಗಳ ಪರಿಚಯವಿದ್ದ ಜವಳಿ ಅಂಗಡಿಯ ಶೆಟ್ಟರು ತಮ್ಮ ಮಗನ ಮನೆಗೆ ಬಂದಿದ್ದವರು ಅಲ್ಲಿಯೇ ಸಿಕ್ಕಿದರು. ಇನ್ನೊಬ್ಬರು ರಾಯರು, ರೈಲ್ವೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಅವರ ಮಗನಿರುವುದು ಕ್ಲೀವ್‌ಲ್ಯಾಂಡಿನಲ್ಲಿ. ಆತನು ತಂದೆಯನ್ನು ಕರೆತಂದು ನಮ್ಮ ಮನೆಯಲ್ಲಿ ಬಿಟ್ಟು, ನಮ್ಮನ್ನು ಪಕ್ಕಕ್ಕೆ ಕರೆದು, “ಮೇಷ್ಟ್ರೇ, ಒಂದು ವಾರ ನಿಮ್ಮ ಜೊತೆಯಲ್ಲಿರಲಿ. ನಮ್ಮ ಹತ್ತಿರ ಅಪ್ಪ ಮಾತೇ ಆಡುವುದಿಲ್ಲ” ಎಂದನು.

ಕಾರಣವು ನಮಗೆ ತಿಳಿದದ್ದೇ. ಹಿಂದಿನ ಮಾರ್ಗಶಿರದಲ್ಲಿ ರಾಯರ ಪತ್ನಿಯು ತೀರಿಕೊಂಡಿದ್ದರು. ಅಮೆರಿಕಾ ಪ್ರಯಾಣಕ್ಕೆ ಇಬ್ಬರೂ ಸಿದ್ಧತೆ ಮಾಡಿಕೊಂಡಿದ್ದರು, ಬಂದವರು ಒಬ್ಬರೇ. ಮೊದಲು ಸೇತುವೆಯ ಕಮಾನನ್ನು ಕಂಡರೆ ಅರ್ಧ ಗಂಟೆ ವ್ಯಾಖ್ಯಾನ ಮಾಡುತ್ತಿದ್ದ ಮನುಷ್ಯರು ಈಗ ಕೇಳಿದ ಪ್ರಶ್ನೆಗೆ ‘ಹೌದು’ ‘ಇಲ್ಲ’ ಎನ್ನುವುದರಲ್ಲಿ ಮುಗಿಸುತ್ತಿದ್ದರು. ನಾವು ಮೂರು ದಿನ ಉಪನಿಷತ್ತಿನ ವಿಚಾರವನ್ನು ಹೇಳಿ ನೋಡಿದೆವು. ಅವರು ವಿನಯದಿಂದ ಕೇಳಿದರು. ಅದರಿಂದ ಯಾರಿಗೂ ಪ್ರಯೋಜನವಾದಂತೆ ಕಾಣಲಿಲ್ಲ.

ಬುಧವಾರ ನಮ್ಮ ಅಳಿಯಂದಿರಿಗೆ ರಜವಿದ್ದಿತು. ಎಂಟು ವರ್ಷದ ಮೊಮ್ಮಗನು ಬಹು ದಿನಗಳಿಂದ ಕೆನ್ನಿವುಡ್ ಎಂದು ಜಪ ಮಾಡುತ್ತಿದ್ದನು. ಹೆಂಗಸರು ಬರುವುದಿಲ್ಲವೆಂದು ಬುತ್ತಿ ಕಟ್ಟಿಕೊಟ್ಟರು. ಶೆಟ್ಟರು ಉತ್ಸಾಹದಿಂದ ಒಪ್ಪಿದರು. ರಾಯರು ಬೇಡವೆನ್ನುವ ಶ್ರಮವನ್ನೂ ವಹಿಸಲಿಲ್ಲ.

ದಾರಿಯು ಮೊನಾಂಗಹೇಲಾ ನದಿಯ ಬಳಿಯಲ್ಲಿ ಸಾಗುತ್ತದೆ. ಆ ಸೀಮೆಯ ರಸ್ತೆಗಳ ಕಂಬಗಳ ಮೇಲೆ ಅಲ್ಲಲ್ಲಿ ಹಳದಿ ಬಣ್ಣದ ಬಾಣಗಳಿವೆ. ಬಾಣವನ್ನು ಹಿಡಿದು ಹೋದರೆ ಉದ್ಯಾನವು ಸಿಕ್ಕುತ್ತದೆಂಬುದನ್ನು ಅಲ್ಲಿಯ ಮಕ್ಕಳು ಅಕ್ಷರಾಭ್ಯಾಸಕ್ಕೆ ಮೊದಲೇ ಬಲ್ಲರು. ನದಿಯ ಆಚೆಯ ದಡದಲ್ಲಿ ಹೊಗೆಯುಗುಳುವ ದೊಡ್ಡದೊಂದು ಉಕ್ಕಿನ ಕಾರ್ಖಾನೆ. ಆಂಡ್ರೂ ಕಾರ್ನೆಗಿ 1875ರಲ್ಲಿ ಆರಂಭಿಸಿದ ಎಡ್ಗರ್ ಥಾಮ್ಸನ್ ಕಾರ್ಖಾನೆಯೆಂದರೆ ಅದೇ. ಕಾರ್ಖಾನೆಯಿರುವ ಊರಿನ ಹೆಸರು ಬ್ರಾಡಕ್. 1755ರಲ್ಲಿ ಈ ನದಿಯನ್ನು ದಾಟಿ ಬಂದು, ಫ್ರೆಂಚರಿಂದಲೂ ಅವರ ಪಕ್ಷದ ಮೂಲನಿವಾಸಿಗಳಿಂದಲೂ ಸೋತು ಮಡಿದ ಆಂಗ್ಲ ಸೇನಾನಿಯ ಹೆಸರದು. ಚರಿತ್ರೆಯ ಮಾತು ನಮ್ಮ ಬಾಯಿಗೆ ಬಂದೊಡನೆ ಮೊಮ್ಮಗನು ಕಿಟಕಿಯ ಕಡೆಗೆ ತಿರುಗಿದುದರಿಂದ ಅಲ್ಲಿಗೇ ನಿಲ್ಲಿಸಿದೆವು.

ಉದ್ಯಾನವು ಹುಟ್ಟಿದ ಬಗೆ ಮಾತ್ರ ಸ್ವಾರಸ್ಯವಾಗಿದೆ. ಆ ಕಾಲದಲ್ಲಿ ಬೀದಿಯ ಟ್ರಾಮುಗಳನ್ನು ನಡೆಸುತ್ತಿದ್ದ ಕಂಪೆನಿಗಳಿಗೆ ವಾರದ ದಿನಗಳಲ್ಲಿ ಕೂಲಿಗಳಿಂದ ವರಮಾನವಿದ್ದರೂ ರಜಾದಿನಗಳಲ್ಲಿ ಬಂಡಿಗಳು ಬರಿದಾಗಿ ಓಡುತ್ತಿದ್ದವು. ಆದಕಾರಣ ದಾರಿಯ ಕೊನೆಯಲ್ಲಿ ಒಂದು ತೋಪನ್ನು ಮಾಡಿ, ವಾದ್ಯ ನೃತ್ಯಗಳನ್ನೂ ದೋಣಿಗಳನ್ನೂ ಏರ್ಪಡಿಸಿ, ಜನರು ಅಲ್ಲಿಗೆ ಹೋಗಲು ಟ್ರಾಮನ್ನೇ ಹತ್ತಬೇಕಾಗುವಂತೆ ಮಾಡಿದರು. ಕೆನ್ನಿ ಎಂಬ ರೈತನ ಹೊಲದಲ್ಲಿ 1898ರಲ್ಲಿ ಹೀಗೆ ಹುಟ್ಟಿದ್ದು ಕೆನ್ನಿವುಡ್. ಕಾಸಿನಾಸೆಯಿಂದ ನೆಟ್ಟ ಮರವೂ ನೆರಳನ್ನು ಕೊಡುತ್ತದೆ! ಟ್ರಾಮು ಹೋಯಿತು, ತೋಪು ಉಳಿಯಿತು. ಕುಲುಮೆಯ ಮುಂದೆ ಬೆಂದ ಕಾರ್ಮಿಕರು ತಲೆಮಾರುಗಳಿಂದ ಸಂಸಾರ ಸಮೇತರಾಗಿ, ತಿಂಡಿಯ ಬುಟ್ಟಿಯೊಡನೆ ಇಲ್ಲಿಗೆ ಬಂದು ಒಂದು ದಿನದ ಮಟ್ಟಿಗೆ ತಮ್ಮ ಕಷ್ಟವನ್ನು ಮರೆತಿದ್ದಾರೆ. 1987ರಲ್ಲಿ ಅಮೆರಿಕಾ ಸರ್ಕಾರದವರು ಇದನ್ನು ರಾಷ್ಟ್ರದ ಐತಿಹಾಸಿಕ ಸ್ಥಳವೆಂದು ಘೋಷಿಸಿದರು.

ಹೆದ್ದಾರಿಯ ಅಡಿಯ ಸುರಂಗವೊಂದರ ಮೂಲಕ ಒಳಹೊಕ್ಕೆವು. ಹೊಕ್ಕೊಡನೆ ವಾದ್ಯದ ನಾದ, ಕರಿದ ತಿಂಡಿಯ ವಾಸನೆ, ಹೂವಿನ ಪಾತಿಗಳು, ಮತ್ತು ಇವೆಲ್ಲದರ ಮೇಲೆ, ಕಣ್ಣಿಗೆ ಕಾಣದ ಎಲ್ಲಿಂದಲೋ ನಿಮಿಷಕ್ಕೊಮ್ಮೆ ಎದ್ದು ಅಡಗುವ ನೂರಾರು ಕಂಠಗಳ ಕೂಗು. ಶೆಟ್ಟರು ನಿಂತು, “ಇದೇನು, ಏನಾದರೂ ಅನಾಹುತವಾಯಿತೇ?” ಎಂದರು. ಮೊಮ್ಮಗನು ನಕ್ಕನು.

ರೋಲರ್ ಕೋಸ್ಟರನ್ನು ಕಾಣದ ವಾಚಕರಿಗಾಗಿ ಇಷ್ಟು ಹೇಳಬೇಕು. ಇದು ಇಂಜಿನಿಲ್ಲದ ರೈಲು. ಒಂದು ಸರಪಣಿಯು ಬಂಡಿಗಳ ಸಾಲನ್ನು ಶಿಖರದವರೆಗೆ ಎಳೆದುಕೊಂಡು ಹೋಗಿ ಕೈಬಿಡುತ್ತದೆ. ಮುಂದಿನದೆಲ್ಲವೂ ಭೂಮಿಯ ಆಕರ್ಷಣೆಯ ಕಾರ್ಯ. ಇದರ ಮೂಲವನ್ನು ಕೆಲವರು ರಷ್ಯಾ ದೇಶದ ಮಂಜಿನ ಜಾರುಗುಡ್ಡಗಳಲ್ಲಿ ಹುಡುಕುತ್ತಾರೆ. ಆದರೆ ಅಮೆರಿಕಾದವರ ಪಾಲಿಗೆ ಇದರ ಅಜ್ಜನು ಇದೇ ಪೆನ್ಸಿಲ್ವೇನಿಯಾದಲ್ಲಿಯೇ ಇದ್ದನು. ಆ ಸಂಸ್ಥಾನದ ಪೂರ್ವಭಾಗದಲ್ಲಿ, ಮೌಕ್ ಚಂಕ್ ಎಂಬಲ್ಲಿ, ಬೆಟ್ಟದ ಮೇಲಿನ ಗಣಿಯಿಂದ ಕಲ್ಲಿದ್ದಲನ್ನು ಕೆಳಕ್ಕೆ ಜಾರಿಸಲು 1827ರಲ್ಲಿ ಹಳಿಯನ್ನು ಹಾಕಿದರು. ಬರಿಯ ಬಂಡಿಗಳನ್ನು ಮರಳಿ ಮೇಲಕ್ಕೆಳೆಯಲು ಹೇಸರಗತ್ತೆಗಳು ಬೇಕಷ್ಟೆ. ಅವೂ ಬಂಡಿಯಲ್ಲಿಯೇ ಕುಳಿತು ಇಳಿಯುತ್ತಿದ್ದವು. ಒಮ್ಮೆ ಆ ಸುಖವನ್ನು ಕಂಡ ಹೇಸರಗತ್ತೆಯು ಮತ್ತೆ ನಡೆದು ಇಳಿಯಲು ಎಷ್ಟು ಹೊಡೆದರೂ ಒಪ್ಪುತ್ತಿರಲಿಲ್ಲವಂತೆ. ಮನುಷ್ಯರೂ ಕಾಸು ಕೊಟ್ಟು ಹತ್ತತೊಡಗಿದರು. 1884ರಲ್ಲಿ ಥಾಮ್ಸನ್ ಎಂಬಾತನು ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ವಿನೋದಕ್ಕೆಂದೇ ಇಂತಹ ಹಳಿಯನ್ನು ಕಟ್ಟಿ ತಲೆಗೆ ಐದು ಸೆಂಟಿನಂತೆ ವಸೂಲು ಮಾಡಿದನು. ಅದರ ವೇಗವು ಗಂಟೆಗೆ ಆರು ಮೈಲಿಯ ಸುಮಾರು. ನಮ್ಮ ಕಡೆಯ ಎತ್ತಿನ ಗಾಡಿಗಿಂತ ಸ್ವಲ್ಪ ಚುರುಕು, ಅಷ್ಟೆ.

ನಾವು ಮೊದಲು ಹತ್ತಿದ್ದು ‘ಜ್ಯಾಕ್ ರ್‍ಯಾಬಿಟ್’ ಎಂಬ ಹೆಸರಿನದು, ಎಂದರೆ ಮೊಲರಾಯ. 1920ರಲ್ಲಿ ಜಾನ್ ಮಿಲ್ಲರ್ ಎಂಬ ಪ್ರಸಿದ್ಧ ಶಿಲ್ಪಿಯು ರಚಿಸಿದ್ದು. ಮೊಲವೆಂಬ ಹೆಸರನ್ನು ನಂಬಿ ಶೆಟ್ಟರೂ ನಾವೂ ಒಂದು ಪೀಠದಲ್ಲಿ, ಅಳಿಯಂದಿರೂ ಮೊಮ್ಮಗನೂ ಮುಂದಿನ ಪೀಠದಲ್ಲಿ ಕುಳಿತೆವು. ರಾಯರು ನೆರಳಿನ ಬೆಂಚಿನಲ್ಲಿ ಬುತ್ತಿಯ ಚೀಲವನ್ನು ಕಾಯುತ್ತ ಉಳಿದರು.

ಉದ್ಯಾನದ ನೆಲದಲ್ಲಿ ಸಹಜವಾದ ಕಮರಿಗಳಿವೆ. ಮಿಲ್ಲರನು ಅವುಗಳನ್ನು ಮುಚ್ಚದೆ ಹಳಿಯನ್ನೇ ಅವುಗಳೊಳಕ್ಕೆ ಇಳಿಸಿದನು. ಎತ್ತರವಾದ ಗೋಪುರವನ್ನು ಕಟ್ಟದೆಯೇ ಆಳವಾದ ಪತನವನ್ನು ಸಂಪಾದಿಸುವ ಈ ಮಿತವ್ಯಯವು ನಮಗೆ ಬಹಳ ಮೆಚ್ಚಿಕೆಯಾಯಿತು. ಮೆಚ್ಚುವಷ್ಟು ಬುದ್ಧಿಯು ಇಳಿದು ಬಂದ ಮೇಲೆ ಮರಳಿತೆನ್ನಬೇಕು. ಮೊದಲ ಇಳಿತಗಳನ್ನು ಸಹಿಸಿಕೊಂಡೆವು. ಅನಂತರ ಸರಪಣಿಯು ‘ಟಕ ಟಕ’ ಎನ್ನುತ್ತ ಮೇಲಕ್ಕೆಳೆಯಿತು. ತುದಿಯಲ್ಲಿ ಬಂಡಿಯು ತಿರುಗಿ, ಎಪ್ಪತ್ತು ಅಡಿಗಳ ಇಳಿತಕ್ಕೆ ಬಾಯ್ದೆರೆಯಿತು. ಈ ಇಳಿತವು ಎರಡು ಮೆಟ್ಟಿಲಾಗಿದೆ. ಬಿದ್ದೆವೆಂದುಕೊಳ್ಳುವಷ್ಟರಲ್ಲಿ ಹಳಿಯು ಕ್ಷಣಕಾಲ ಸಮವಾಗಿ, ಒಡನೆಯೇ ಮತ್ತೆ ಕಾಲಡಿಯಿಂದ ಜಾರಿಹೋಗುತ್ತದೆ. ಹಳಿಯು ಕೆಳಗಿಳಿದರೂ ಶರೀರವು ತನ್ನ ಹಿಂದಿನ ದಾರಿಯನ್ನೇ ಹಿಡಿದು ಮುಂದಕ್ಕೆ ಹೋಗಬಯಸುತ್ತದೆ. ಆದ್ದರಿಂದ ಪೀಠಕ್ಕೂ ನಮಗೂ ಸಂಬಂಧವು ತಪ್ಪಿತು. ಮೂವತ್ತೈದು ವರ್ಷ ಸಂಸ್ಕೃತವನ್ನು ಬೋಧಿಸಿ, ನೂರಾರು ಸ್ತೋತ್ರಗಳನ್ನು ಬಾಯಿಪಾಠ ಮಾಡಿಸಿದ ನಮಗೆ ಆ ಹೊತ್ತಿನಲ್ಲಿ ಒಂದು ಸ್ತೋತ್ರದ ಎರಡನೆಯ ಪದವೂ ತೋಚಲಿಲ್ಲ. ಶೆಟ್ಟರಾದರೋ ತಮ್ಮ ಅಂಗಡಿಯ ಗುಮಾಸ್ತನ ಹೆಸರನ್ನು ಕೂಗಿದರು! ಏಕೆಂದು ಕೇಳಿದರೆ ಅವರಿಗೂ ತಿಳಿಯದು.

ಕೆಳಗಿಳಿದು ಬಂದಾಗ ಮೊಮ್ಮಗನು ರಾಯರ ಬಳಿಗೆ ಓಡಿ, “ರಾಯರ ತಾತ, ಬಂಡಿ ಹಾರಿಹೋಗುವುದಿಲ್ಲವೇಕೆ?” ಎಂದು ಕೇಳಿದನು. ನಾವು ಉತ್ತರಿಸಲು ಬಾಯಿ ತೆರೆದಿದ್ದೆವು. ಅಷ್ಟರಲ್ಲಿ ರಾಯರು, “ಬಾ ಇಲ್ಲಿ” ಎಂದು ಹುಡುಗನನ್ನು ಬೇಲಿಯ ಬಳಿಗೆ ಕರೆದೊಯ್ದು, ಹಾದುಹೋಗುವ ಬಂಡಿಯ ಕಡೆಗೆ ಬೆರಳು ಮಾಡಿದರು. ನಮ್ಮ ರೈಲಿಗೆ ಹಳಿಯ ಮೇಲೆ ಓಡುವ ಗಾಲಿಗಳು ಮಾತ್ರವುಂಟು. ಇದಕ್ಕಾದರೋ ಹಳಿಯ ಮೇಲಿನ ಗಾಲಿಗಳ ಜೊತೆಗೆ, ಹಳಿಯ ಅಡಿಯಿಂದಲೂ ಹಿಡಿದುಕೊಂಡು ಬಂಡಿಯು ಮೇಲಕ್ಕೆ ಏಳದಂತೆ ತಡೆಯುವ ಗಾಲಿಗಳಿವೆ. ಇದಕ್ಕೆ ಮಿಲ್ಲರನು 1919ರಲ್ಲಿ ಹಕ್ಕುಪತ್ರವನ್ನು ಪಡೆದನು. ಇಂತಹ ಗಾಲಿಗಳಿಲ್ಲದೆ ಬಂಡಿಯನ್ನು ಇಷ್ಟು ಕಡಿದಾಗಿ ಬೀಳಿಸುವ ಧೈರ್ಯವು ಯಾರಿಗೂ ಬರುತ್ತಿರಲಿಲ್ಲ. ‘ಟಕ ಟಕ’ ಶಬ್ದವು ಸರಪಣಿಯದಲ್ಲವೆಂದೂ, ಸರಪಣಿ ಹರಿದರೂ ಬಂಡಿಯು ಹಿಂದಕ್ಕೆ ಜಾರದಂತೆ ಹಲ್ಲಿನಿಂದ ಹಲ್ಲಿಗೆ ಬೀಳುವ ಕಬ್ಬಿಣದ ನಾಲಗೆಯದೆಂದೂ ರಾಯರು ವಿವರಿಸಿದರು. ನಾಲ್ಕು ದಿನಗಳಲ್ಲಿ ಅವರು ಆಡಿದ ಮಾತೆಲ್ಲವನ್ನೂ ಕೂಡಿಸಿದರೂ ಇಷ್ಟಾಗುತ್ತಿರಲಿಲ್ಲ. ಶೆಟ್ಟರು ನಮ್ಮ ಮೊಣಕೈಯನ್ನು ಮೆಲ್ಲನೆ ಒತ್ತಿದರು.

ಮಧ್ಯಾಹ್ನ ಮರದಡಿಯಲ್ಲಿ ಬುತ್ತಿ ಬಿಚ್ಚಿದೆವು. ಪುಳಿಯೋಗರೆ, ಮೊಸರನ್ನ, ಹುರಿದ ಹಪ್ಪಳ. ಇದರ ಮೇಲೆ ಶೆಟ್ಟರು ಅಲ್ಲಿಯ ಹೆಸರುವಾಸಿಯಾದ ಪೊಟೇಟೊ ಪ್ಯಾಚ್ ಅಂಗಡಿಯ ಕರಿದ ಆಲೂಗೆಡ್ಡೆಯನ್ನು ತರಿಸಿ, ಅದರ ಬೆಲೆಯನ್ನು ಎಪ್ಪತ್ತರಿಂದ ಗುಣಿಸಿ ರೂಪಾಯಿಗೆ ತಂದು, ನಿಟ್ಟುಸಿರು ಬಿಟ್ಟು, ಇನ್ನೊಂದು ಪೊಟ್ಟಣವನ್ನು ತರಿಸಿದರು. ಬಳಿಕ 1926ರಲ್ಲಿ ಡೆಂಟ್ಸೆಲ್ ಎಂಬವರ ಕಾರ್ಯಾಲಯದಲ್ಲಿ ಕೆತ್ತಿದ ಮರದ ಕುದುರೆಗಳ ತಿರುಗುಮಣೆಯನ್ನು ನೋಡಿದೆವು. ಕುದುರೆಗಳ ನಡುವೆ ಒಂದು ಸಿಂಹವೂ ಒಂದು ಹುಲಿಯೂ ಇವೆ. ನಮ್ಮ ರಥದ ಕೆತ್ತನೆಯವರು ನೋಡಿದರೆ ತಲೆದೂಗುವ ಕೆಲಸ.

ಆಮೇಲೆ ‘ರೇಸರ್’. 1927ರಲ್ಲಿ ಅದೇ ಮಿಲ್ಲರನು ಮಾಡಿದ್ದು. ಇದರಲ್ಲಿ ಎರಡು ಹಳಿಗಳು ಒಂದರ ಪಕ್ಕದಲ್ಲೊಂದು. ಎರಡು ಬಂಡಿಸಾಲುಗಳು ಒಟ್ಟಿಗೆ ಹೊರಟು ಪಂದ್ಯವಾಡುತ್ತವೆ. ಎಡಗಡೆಯದರಲ್ಲಿ ಮೊಮ್ಮಗನೊಡನೆ ನಾವು. ಬಲಗಡೆಯದರಲ್ಲಿ ಅಳಿಯಂದಿರೊಡನೆ ಶೆಟ್ಟರು. ಏರಿಯಿಳಿಯುತ್ತ ಇಬ್ಬರ ಬಂಡಿಗಳೂ ಕೈ ಚಾಚಿದರೆ ಎಟಕುವಷ್ಟು ಹತ್ತಿರ ಬರುತ್ತವೆ. ಒಮ್ಮೆ ಅವರು ಮುಂದೆ, ಒಮ್ಮೆ ನಾವು. ನಮ್ಮ ವಯಸ್ಸಿಗೆ ತಕ್ಕುದಲ್ಲದ ಕೆಲವು ಸವಾಲಿನ ಮಾತುಗಳನ್ನು ಶೆಟ್ಟರ ಮೇಲೆ ಎಸೆದೆವೆಂಬುದನ್ನು ಮುಚ್ಚಿಡುವುದಿಲ್ಲ. ಗೆದ್ದವರು ಅವರೇ. ಆದರೆ ಇಳಿಯುವಾಗ ಶೆಟ್ಟರು ಗೆಲುವನ್ನು ಮರೆತು ತಬ್ಬಿಬ್ಬಾದರು. “ಮೇಷ್ಟ್ರೇ, ನಾನು ಹತ್ತಿದ್ದು ಬಲಗಡೆ. ಇಳಿದದ್ದು ಎಡಗಡೆ. ಎಲ್ಲಿಯೂ ದಾಟಿಕೊಂಡ ಹಾಗೆ ಕಾಣಲಿಲ್ಲವಲ್ಲ!” ಎಂದರು. ನಮಗೂ ಹಾಗೆಯೇ ಆಗಿದ್ದಿತು.

ರಾಯರು ತಿಂಡಿಯಂಗಡಿಯ ಚೀಟಿಯನ್ನು ಉದ್ದಕ್ಕೆ ಹರಿದು, ಪಟ್ಟಿಯನ್ನು ಒಂದು ಸಲ ತಿರುಚಿ, ಎರಡು ತುದಿಗಳನ್ನೂ ಜೋಡಿಸಿ ಹಿಡಿದರು. ಅದರ ಮೇಲೆ ಶೆಟ್ಟರ ಬೆರಳನ್ನು ಓಡಿಸಿದರು. ಹೊರಮೈಯಲ್ಲಿ ಹೊರಟ ಬೆರಳು ಅಂಚನ್ನು ದಾಟದೆಯೇ ಒಳಮೈಗೆ ಬಂದು, ಮತ್ತೆ ಹೊರಟಲ್ಲಿಗೆ ಸೇರಿತು. ಮೋಬಿಯಸ್ ಎಂಬ ಜರ್ಮನಿಯ ಗಣಿತಜ್ಞನು 1858ರಲ್ಲಿ ಕಂಡುಕೊಂಡ ಪಟ್ಟಿಯಿದು. ಈ ತತ್ತ್ವದ ಮೇಲೆ ನಡೆಯುವ ಪಂದ್ಯದ ಹಳಿಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ. “ಎರಡು ಹಳಿಯೆಂದು ಕಾಣುತ್ತದೆ, ಶೆಟ್ಟರೇ. ಇರುವುದು ಒಂದೇ. ಎದುರಾಳಿಯೆಂದುಕೊಂಡವನು ನಮ್ಮ ದಾರಿಯಲ್ಲಿಯೇ ಮುಂದೋ ಹಿಂದೋ ಇರುತ್ತಾನೆ,” ಎಂದು ಹೇಳಿ ರಾಯರು ಆ ಪಟ್ಟಿಯನ್ನು ಬಿಸಾಡದೆ ಜೇಬಿನಲ್ಲಿಟ್ಟುಕೊಂಡರು.

ಉಕ್ಕಿನ ದೊಡ್ಡ ಕೋಸ್ಟರುಗಳನ್ನು ದೂರದಿಂದಲೇ ವಂದಿಸಿದೆವು. ಅವುಗಳಲ್ಲಿ 2001ರ ‘ಫ್ಯಾಂಟಮ್ಸ್ ರಿವೆಂಜ್’ ಒಂದು. ಅದರ ಮೊದಲ ಇಳಿತಕ್ಕಿಂತ ಎರಡನೆಯದೇ ಆಳ. 220 ಅಡಿಗಳನ್ನು ಮೀರುತ್ತದೆ. ಮೊದಲ ಶಿಖರಕ್ಕಿಂತ ಎತ್ತರಕ್ಕೆ ಬಂಡಿಯು ತಾನಾಗಿ ಏರಲಾರದೆಂಬ ನಿಯಮವನ್ನು ಇದು ಮುರಿಯಿತೇ ಎಂದು ನಾವು ಶಂಕಿಸಿದೆವು. ಇಲ್ಲ, ಶಿಖರವು ಹೆಚ್ಚಿಲ್ಲ, ಅದರ ಮುಂದಿನ ಕಮರಿಯು ಹೆಚ್ಚು ಆಳವಾಗಿದೆ. ಅದೇ ವರ್ಷ ಆರಂಭವಾಗಿದ್ದ ‘ಸ್ಟೀಲ್ ಕರ್ಟನ್’ ಎಂಬುದು ಜನರನ್ನು ಒಂಬತ್ತು ಬಾರಿ ತಲೆಕೆಳಗು ಮಾಡುತ್ತಿದ್ದಿತು. ಅಳಿಯಂದಿರು ಹೋಗಿ ಬಂದು ಸ್ವಲ್ಪ ಹೊತ್ತು ಯಾರೊಡನೆಯೂ ಮಾತಾಡದೆ ಕುಳಿತರು.

ನಮಗೆ ಮಾತ್ರ ‘ಥಂಡರ್‌ಬೋಲ್ಟ್’ ಎಂಬ ಸಿಡಿಲಿನ ಮೇಲೆ ಮನಸ್ಸಾಯಿತು. 1924ರಲ್ಲಿ ‘ಪಿಪ್ಪಿನ್’ ಎಂಬ ಹೆಸರಿನಿಂದ ಕಟ್ಟಲ್ಪಟ್ಟು, 1968ರಲ್ಲಿ ಹೊಸ ಸುತ್ತುಗಳನ್ನು ಸೇರಿಸಿ ಈ ಹೆಸರನ್ನು ಪಡೆದ ಮರದ ಕೋಸ್ಟರು ಇದು. ಮೊಮ್ಮಗನನ್ನು ಅಳತೆಯ ಕೋಲಿನ ಬಳಿ ನಿಲ್ಲಿಸಿದಾಗ ಅವನ ಎತ್ತರವು ಸಾಲಲಿಲ್ಲ. ಅವನ ಅಳುವನ್ನು ಸಮಾಧಾನಪಡಿಸಲು ಅಳಿಯಂದಿರು ನಿಂತರು. ಶೆಟ್ಟರ ಸೊಂಟವು ರೇಸರಿನಲ್ಲಿಯೇ ಪ್ರತಿಭಟನೆಯನ್ನು ಸೂಚಿಸಿದ್ದಿತು. ಇರಲಿ, ಒಬ್ಬರೇ ಹೋಗಿ ಬರುವೆವೆಂದು ಸಾಲಿನಲ್ಲಿ ನಿಂತೆವು. ಅರ್ಧ ಗಂಟೆಯ ಮೇಲೆ ನಮ್ಮ ಸರದಿ ಬಂದಾಗ ಅಲ್ಲಿದ್ದ ಹುಡುಗಿಯು ನಮ್ಮ ಹಿಂದೆ ಮುಂದೆ ನೋಡಿ, ನಿಮ್ಮ ಜೊತೆಯವರೆಲ್ಲಿ ಎಂದು ಕೇಳಿದಳು. ಯಾರೂ ಇಲ್ಲವೆಂದೆವು. ಈ ಬಂಡಿಯಲ್ಲಿ ಒಂಟಿಯಾಗಿ ಕೂರಲು ಅಪ್ಪಣೆಯಿಲ್ಲವೆಂದು ಅವಳು ಮರ್ಯಾದೆಯಿಂದಲೇ ಹೇಳಿದಳು.

ನಿಯಮಕ್ಕೆ ಕಾರಣವುಂಟು. ಇದರ ಸುತ್ತುಗಳು ಕುಳಿತವರನ್ನು ಬಲವಾಗಿ ಒಂದೇ ಪಕ್ಕಕ್ಕೆ ತಳ್ಳುತ್ತವೆ. ಪೀಠದಲ್ಲಿ ಇಬ್ಬರಿದ್ದರೆ ಒಬ್ಬರಿಗೊಬ್ಬರು ಒತ್ತಾಗಿರುತ್ತಾರೆ, ಒಬ್ಬರೇ ಇದ್ದರೆ ಖಾಲಿ ಪೀಠದಲ್ಲಿ ಎರಚಾಡಬೇಕಾಗುತ್ತದೆ. ಆದರೆ ಆ ಕ್ಷಣದಲ್ಲಿ ನಮಗಾದದ್ದು ಅವಮಾನವೇ. ತರಗತಿಯಿಂದ ಹೊರಗೆ ನಿಲ್ಲಿಸಲ್ಪಟ್ಟ ಹುಡುಗನಂತೆ ಕಟಕಟೆಯ ಪಕ್ಕಕ್ಕೆ ಸರಿದು ನಿಂತೆವು. ನಮ್ಮ ಹಿಂದಿನವರೆಲ್ಲರೂ ಜೋಡಿ ಜೋಡಿಯಾಗಿ ನಮ್ಮನ್ನು ದಾಟಿಹೋದರು.

ಆಗ ಕೆಳಗಿನ ಬೆಂಚಿನಿಂದ ರಾಯರು ಎದ್ದರು. ಬುತ್ತಿಯ ಚೀಲವನ್ನು ಶೆಟ್ಟರ ಕೈಗೆ ಕೊಟ್ಟು, ಕನ್ನಡಕವನ್ನು ತೆಗೆದು ಜೇಬಿನಲ್ಲಿಟ್ಟು, ಸಾಲಿನಲ್ಲಿದ್ದವರೊಡನೆ ಏನೋ ಹೇಳಿ ಕ್ಷಮೆ ಕೇಳುತ್ತ ನಮ್ಮ ಬಳಿಗೆ ಬಂದರು. “ನಡೆಯಿರಿ, ಮೇಷ್ಟ್ರೇ” ಎಂದರು. ಹುಡುಗಿಯು ಅಡ್ಡಪಟ್ಟಿಯನ್ನು ಒತ್ತಿ ನೋಡಿ ಮುಂದೆ ಹೋದಳು.

ಇತರ ಕೋಸ್ಟರುಗಳಲ್ಲಿ ಏರುವಾಗ ಪಶ್ಚಾತ್ತಾಪಕ್ಕಾದರೂ ಸಮಯವಿರುತ್ತದೆ. ಥಂಡರ್‌ಬೋಲ್ಟು ಅದನ್ನೂ ಕೊಡುವುದಿಲ್ಲ. ನಿಲ್ದಾಣವನ್ನು ಬಿಟ್ಟೊಡನೆಯೇ ಕಮರಿಯೊಳಕ್ಕೆ ಬೀಳುತ್ತದೆ. ಎರಡು ಸಲ ಹೀಗೆ ಬಿದ್ದೆದ್ದ ಮೇಲೆ, ನಡುದಾರಿಯಲ್ಲಿ, ಸರಪಣಿಯು ಹಿಡಿದುಕೊಂಡಿತು. ರಾಯರು ಕಣ್ಣು ಮುಚ್ಚಿ ಟಕ ಟಕ ಶಬ್ದವನ್ನು ಕೇಳುತ್ತಿದ್ದರು. ಮೇಲೆ ಬಂದಾಗ ಹೊಳೆಯೂ ಆಚೆಯ ದಡದ ಉಕ್ಕಿನ ಕಾರ್ಖಾನೆಯ ಚಿಮಣಿಗಳೂ ಒಮ್ಮೆಗೇ ಕಂಡವು. ಮರುಕ್ಷಣವೇ ಸುತ್ತುಗಳು ಮೊದಲಾದವು. ರಾಯರ ಭಾರವೆಲ್ಲವೂ ನಮ್ಮ ಮೇಲೆ ಬಂದಿತು. ನಮ್ಮ ಪಕ್ಕೆಲುಬುಗಳು ಬಂಡಿಯ ಗೋಡೆಗೆ ಒತ್ತಿಕೊಂಡವು. ಸುತ್ತು ಮುಗಿಯುವುದೆಂದುಕೊಂಡರೆ ಇನ್ನೊಂದು ಸುತ್ತು. ಕೊನೆಗೆ ಮರಳಿ ಕಮರಿಯೊಳಕ್ಕೆ ದೊಡ್ಡ ಪತನ. ಅಲ್ಲಿ ರಾಯರು ಕೂಗಿದರು. ಮಾತಲ್ಲ, ಹೆಸರಲ್ಲ, ಬರಿಯ ಕೂಗು. ಎದೆಯ ತಳದಿಂದ ಬಂದ ಆ ಕೂಗು ಬಂಡಿಯು ನಿಲ್ದಾಣಕ್ಕೆ ಬರುವವರೆಗೂ ನಿಲ್ಲಲಿಲ್ಲ. ನಾವೂ ಕೂಗುತ್ತಿದ್ದೆವು, ಆದ್ದರಿಂದ ಯಾರೂ ಅವರತ್ತ ತಿರುಗಿ ನೋಡಲಿಲ್ಲ. ಅಲ್ಲಿ ಎಲ್ಲರೂ ಕೂಗುವವರೇ.

ಇಳಿದ ಮೇಲೆ ಇಬ್ಬರ ಕಾಲುಗಳೂ ಸ್ವಲ್ಪ ಹೊತ್ತು ಸ್ವಾಧೀನದಲ್ಲಿರಲಿಲ್ಲ. ಮೆಟ್ಟಿಲಿನ ಬಳಿ ಕಂಬವನ್ನು ಹಿಡಿದು ನಿಂತೆವು. ರಾಯರು ಮುಖವನ್ನು ಒರಸಿಕೊಂಡು, “ಅವಳ ತವರೂರು ಶಿರಸಿ” ಎಂದರು.

ನಾವು ಸುಮ್ಮನಿದ್ದೆವು.

“ಮದುವೆಯಾದ ಹೊಸತರಲ್ಲಿ ಮಾರಿಕಾಂಬೆಯ ಜಾತ್ರೆಗೆ ಹೋಗಿದ್ದೆವು. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ ಅಲ್ಲವೇ, ಜನವೋ ಜನ. ದೊಡ್ಡ ತೊಟ್ಟಿಲು ಬಂದಿತ್ತು. ಹತ್ತೋಣವೆಂದಳು. ಅದರ ಬೋಲ್ಟುಗಳನ್ನು ನೋಡಿ ನಾನು ಒಲ್ಲೆನೆಂದೆ. ಲೆಕ್ಕ ಹಾಕಿ ಅಪಾಯವನ್ನೂ ವಿವರಿಸಿದೆ. ಅವಳು ಟಿಕೇಟು ಕೊಂಡುಬಿಟ್ಟಿದ್ದಳು. ಒಬ್ಬಳೇ ಹತ್ತಿ ಕುಳಿತಳು. ಪ್ರತಿಸಲ ಮೇಲಕ್ಕೆ ಹೋದಾಗಲೂ ಬಗ್ಗಿ ನನ್ನನ್ನು ಹುಡುಕಿ ಕೈಬೀಸುತ್ತಿದ್ದಳು. ನಾನು ಕೆಳಗೆ ಅವಳ ಚಪ್ಪಲಿ ಕಾಯುತ್ತಿದ್ದೆ.” ಸ್ವಲ್ಪ ತಡೆದು, “ಆಮೇಲೆ ಇಪ್ಪತ್ತು ಜಾತ್ರೆಗಳಾದರೂ ಆಗಿರಬೇಕು, ಮೇಷ್ಟ್ರೇ. ಹತ್ತು ಎಂದು ಅವಳು ಮತ್ತೆ ಕೇಳಲಿಲ್ಲ” ಎಂದರು.

ನಮ್ಮ ಬಳಿ ಇದಕ್ಕೆ ಉಪನಿಷತ್ತಿನಿಂದ ಹೇಳುವಂತಹದು ಏನೂ ಇರಲಿಲ್ಲ. ಅವರ ಹೆಗಲ ಮೇಲೆ ಕೈಯಿಟ್ಟುಕೊಂಡು ಕೆಳಗೆ ಬಂದೆವು. ಶೆಟ್ಟರು ನಮ್ಮಿಬ್ಬರ ಮುಖಗಳನ್ನು ನೋಡಿ, ಕೇಳಬೇಕೆಂದಿದ್ದುದನ್ನು ಬಿಟ್ಟು, ನಿಂಬೆಹಣ್ಣಿನ ಪಾನಕವನ್ನು ತಂದುಕೊಟ್ಟರು. ಬೆಲೆಯನ್ನು ಗುಣಿಸಲಿಲ್ಲ.

ಸಂಜೆ ದೀಪಗಳನ್ನು ಹಚ್ಚಿದರು. ಎತ್ತರ ಸಾಲದೆಂಬ ದುಃಖವನ್ನು ಮರೆಯದ ಮೊಮ್ಮಗನನ್ನು ರಾಯರು ತಾವಾಗಿಯೇ ಮತ್ತೆ ಮೊಲರಾಯನ ಬಳಿಗೆ ಕರೆದೊಯ್ದರು. ಕೊನೆಯ ಬಂಡಿಯಲ್ಲಿ ಕುಳಿತರೆ ಆ ಜೋಡಿ ಇಳಿತದಲ್ಲಿ ಹೆಚ್ಚು ಮೇಲಕ್ಕೆ ಏಳಬಹುದೆಂದು ಅವನಿಗೆ ಹೇಳಿಕೊಡುತ್ತಿದ್ದುದು ನಮ್ಮ ಕಿವಿಗೆ ಬಿದ್ದಿತು. ಈ ಸಲ ಬೆಂಚಿನಲ್ಲಿ ಚೀಲ ಕಾದವರು ನಾವು. ಕತ್ತಲಲ್ಲಿ ಬಂಡಿಯು ಕಾಣುತ್ತಿರಲಿಲ್ಲ. ತೊಲೆಗಳು ಕಿರುಗುಟ್ಟುವುದೂ, ಟಕ ಟಕ ಎಂಬುದೂ, ಅನಂತರ ಅದು ನಿಲ್ಲುವುದೂ ಕೇಳಿಸುತ್ತಿದ್ದಿತು.

ಮರಳುವ ದಾರಿಯಲ್ಲಿ ಮೊಮ್ಮಗನು ಕಾರಿನೊಳಗೆ ಕುಳಿತೊಡನೆ ನಿದ್ರೆ ಹೋದನು. ಶೆಟ್ಟರೂ ಗೊರಕೆ ಹೊಡೆಯತೊಡಗಿದರು. ಮುಂದಿನ ಪೀಠದಲ್ಲಿದ್ದ ರಾಯರು ಅಳಿಯಂದಿರಿಗೆ, ಮಳೆಬಿದ್ದ ದಿನ ಹಳಿಯು ನೆನೆದು ಘರ್ಷಣೆ ಕಡಿಮೆಯಾಗುವ ವಿಷಯವನ್ನೂ, ಮರದ ತೊಲೆಗಳು ಭಾರಕ್ಕೆ ಸ್ವಲ್ಪ ಬಾಗಿಕೊಡುವುದೇ ಅವುಗಳ ಬಾಳಿಕೆಗೆ ಕಾರಣವೆಂಬುದನ್ನೂ ಹೇಳುತ್ತಿದ್ದರು. ಗಾಲಿಗೆ ಎಣ್ಣೆ ಹಾಕುವ ಕ್ರಮದವರೆಗೆ ನಾವು ಕೇಳಿಸಿಕೊಂಡದ್ದು ನೆನಪಿದೆ. ಆಮೇಲೆ ನಮಗೂ ಕಣ್ಣು ಹತ್ತಿತು.